ಓಲಗದ ಅಂಕಯ್ಯನ ಕಟ್ಟಿಸಿದ ಹಲ್ಲು

ನಾನು ಒಂದು ಹಲ್ಲು ಸೆಟ್ಟು. ಕೇಳಿದ ಕೂಡಲೆ ನಕ್ಕಿರಿ, ನನಗೆ ಗೊತ್ತು. ನಗಿ, ನಗಿ. ನಿಮ್ಮ ಬಾಯಲ್ಲಿರುವವು ತಾವಾಗಿ ಮೊಳೆತವು, ಬಿಟ್ಟಿ ಸಿಕ್ಕವು. ಅದಕ್ಕೇ ಅವುಗಳ ಬೆಲೆ ನಿಮಗೆ ತಿಳಿಯದು. ನನ್ನಂಥವನನ್ನು ಕಟ್ಟಿಸಿಕೊಂಡವರನ್ನು ಕೇಳಿ ನೋಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ.

ನಾನು ಹುಟ್ಟಿದ್ದು ಮೈಸೂರಿನ ಒಂದು ಗಲ್ಲಿಯಲ್ಲಿ, ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಲಾರೆನ್ಸ್ ಎಂಬ ಕೆಲಸಗಾರ ನನ್ನನ್ನು ಮಾಡಿದ. ಮೊದಲು ನಾನು ಬರೀ ಮೇಣ. ಮಳವಳ್ಳಿಯ ಒಬ್ಬ ಮುದುಕನ ಬೋಳು ಒಸಡಿನ ಅಚ್ಚು ಬಂದಿತ್ತು. ಅದರ ಮೇಲೆ ಮೇಣ ಕೂರಿಸಿ, ಹಲ್ಲುಗಳನ್ನು ಒಂದೊಂದಾಗಿ ನೆಟ್ಟು, ಪ್ಲಾಸ್ಟರಿನ ಅಚ್ಚಿನೊಳಗೆ ಬಿಗಿದು ಬೇಯಿಸಿದ. ಅಚ್ಚು ಒಡೆದಾಗ ನಾನು ಗುಲಾಬಿ ಒಸಡು, ಮಲ್ಲಿಗೆ ಮೊಗ್ಗಿನಂಥ ಹಲ್ಲು ಹೊತ್ತು ಹೊರಗೆ ಬಂದೆ. ಹೇಳಿಕೊಳ್ಳಬಾರದು, ಆದರೂ ಚೆನ್ನಾಗಿದ್ದೆ. ಮೇಲಿನದೊಂದು, ಕೆಳಗಿನದೊಂದು, ಎರಡು ತುಂಡಾಗಿದ್ದರೂ ನಮ್ಮದು ಒಂದೇ ಜೀವ.

ಆ ಮುದುಕನ ಹೆಸರು ಅಂಕಯ್ಯ. ಸುತ್ತಮುತ್ತಲಿನವರೆಲ್ಲ ಓಲಗದ ಅಂಕಯ್ಯ ಎನ್ನುತ್ತಿದ್ದರು. ಅವನು ಊದದೆ ಆ ಸೀಮೆಯಲ್ಲಿ ಮದುವೆ ಆಗುತ್ತಿರಲಿಲ್ಲ ಎಂಬಷ್ಟು ಹೆಸರು. ಪುರೋಹಿತರು ಕೈಯೆತ್ತಿ 'ಗಟ್ಟಿಮೇಳ, ಗಟ್ಟಿಮೇಳ' ಎಂದರೆ ಸಾಕು, ಅಂಕಯ್ಯನ ಓಲಗ ಛತ್ರದ ಹೆಂಚು ಹಾರಿಸುವ ಹಾಗೆ ಎದ್ದು ನಿಲ್ಲುತ್ತಿತ್ತಂತೆ. ಇದೆಲ್ಲ ನಾನು ಹುಟ್ಟುವ ಮುಂಚಿನ ಮಾತು. ಜನ ಹೇಳಿದ್ದನ್ನು ಅವನ ಬಾಯೊಳಗೆ ಕೂತು ಕೇಳಿಸಿಕೊಂಡೆ.

ಓಲಗ ಊದುವುದಕ್ಕೆ ಹಲ್ಲು ಯಾಕೆ ಎಂದು ಕೇಳುವವರಿದ್ದಾರೆ. ಓಲಗದ ತುದಿಗೆ ಪೀಪಿ ಎಂದು ಸಿಕ್ಕಿಸುತ್ತಾರೆ. ಹೊಳೆದಂಡೆಯ ಜೊಂಡು ತಂದು, ಭತ್ತ ಹಾಕಿದ ನೀರಿನಲ್ಲಿ ಬೇಯಿಸಿ, ಒಣಗಿಸಿ, ದಾರ ಸುತ್ತಿ ಮಾಡುವ ಸಣ್ಣ ವಸ್ತು ಅದು. ಅದನ್ನು ತುಟಿಯಲ್ಲಿ ಕಚ್ಚಿ ಹಿಡಿಯಬೇಕು. ತುಟಿಗೆ ಒಳಗಿನಿಂದ ಆಸರೆ ಕೊಡುವುದು ಹಲ್ಲು. ಹಲ್ಲು ಹೋದರೆ ತುಟಿ ಒಳಗೆ ಬೀಳುತ್ತದೆ, ಉಸಿರು ಅಕ್ಕಪಕ್ಕ ಸೋರುತ್ತದೆ. ಆಮೇಲೆ ಎಂಥ ವಿದ್ವಾಂಸನಾದರೂ ಅವನ ಓಲಗದಿಂದ ಬರುವುದು ಬರೀ ಗಾಳಿ.

ಅಂಕಯ್ಯನಿಗೆ ಆದದ್ದು ಅದೇ. ಇಡೀ ಬದುಕನ್ನು ಹಲ್ಲಿನ ಮೇಲೆ ನಿಲ್ಲಿಸಿಕೊಂಡಿದ್ದವನು ಆ ಹಲ್ಲನ್ನು ನೋಡಿಕೊಂಡ ಬಗೆ ಕೇಳಿದರೆ ಅಯ್ಯೋ ಅನ್ನಿಸುತ್ತದೆ. ಬೆಳಗ್ಗೆ ಒಂದು ಸಲ ಇದ್ದಿಲು, ಉಪ್ಪು ಸೇರಿಸಿ ತೋರುಬೆರಳಲ್ಲಿ ಗಸಗಸ ತಿಕ್ಕುವುದು. ಅಷ್ಟೇ. ಮದುವೆಮನೆಯಲ್ಲಿ ಬೂಂದಿ ತಿಂದು, ಸಕ್ಕರೆ ಸುರಿದ ಕಾಫಿ ಕುಡಿದು, ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ದವಡೆಗೆ ಒತ್ತಿಕೊಂಡು ಹಾಗೇ ಮಲಗುವುದು. ಬಾಯಿ ಮುಕ್ಕಳಿಸುವುದು ಎಂಬುದು ಗೊತ್ತೇ ಇಲ್ಲ. ಒಸಡಿನಲ್ಲಿ ರಕ್ತ ಬಂದರೆ 'ಉಷ್ಣ ಆಗ್ಬುಟ್ಟದೆ' ಎಂದು ಮಜ್ಜಿಗೆ ಕುಡಿದ. ಹಲ್ಲು ಅಲ್ಲಾಡಿದರೆ 'ವಯಸ್ಸಾಯ್ತು' ಎಂದ. ಒಂದು ಉದುರಿತು, ಪಕ್ಕದ್ದು ಉದುರಿತು. ಉಳಿದವನ್ನು ಊರಿನ ಹಲ್ಲಿನ ಡಾಕ್ಟರಮ್ಮ ಕಿತ್ತರು. ಶಿಷ್ಯ ಶಿವಲಿಂಗು ಮೇಳದ ಮುಂದಾಳಾದ. ಅಂಕಯ್ಯ ಓಲಗವನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿ, ಬಾಯಿಗೆ ಟವೆಲು ಅಡ್ಡ ಹಿಡಿದು ಮನೆಯಲ್ಲಿ ಕೂತ.

ಹಾಗೆ ಕೂತೇ ಇರುತ್ತಿದ್ದನೋ ಏನೋ, ಮಗಳು ಚಂದ್ರಕಲೆಗೆ ಗಂಡು ಗೊತ್ತಾಯಿತು. ಅವರ ಮನೆತನದಲ್ಲೊಂದು ಪದ್ಧತಿ. ಹೆಣ್ಣಿನ ಅಪ್ಪ ಧಾರೆ ಎರೆದು, ಆ ಒದ್ದೆ ಕೈಯಲ್ಲೇ ಓಲಗ ಹಿಡಿದು ತಾಳಿ ಕಟ್ಟುವಾಗ ಗಟ್ಟಿಮೇಳ ತಾನೇ ಊದಬೇಕು. ಅಂಕಯ್ಯನ ಹೆಂಡತಿ ದುಂಡಮ್ಮನಿಗೆ ಅವಳಪ್ಪ ಊದಿದ್ದ. ಅವಳು ಅದನ್ನು ಹೇಳದ ದಿನವಿಲ್ಲ.

"ಊರ್ ಹೆಣ್ಮಕ್ಳಿಗೆಲ್ಲ ಊದಿ, ಹೆತ್ತ ಮಗ್ಳಿಗೆ ಊದ್ದೆ ಹೋದ್ರೆ ನಾನ್ಯಾವ ಸೀಮೆ ಓಲಗ್ದೋನು?" ಎಂದು ಅಂಕಯ್ಯ ಡಾಕ್ಟರಮ್ಮನ ಮುಂದೆ ಕಣ್ಣೀರು ಹಾಕಿದನಂತೆ. ಆ ಕಣ್ಣೀರಿನ ಫಲ ನಾನು.

ಡಾಕ್ಟರಮ್ಮನ ಹೆಸರು ಮೆಹರುನ್ನೀಸಾ. ನನ್ನನ್ನು ಅಂಕಯ್ಯನ ಬಾಯಿಗೆ ಕೂರಿಸಿದವರು ಅವರೇ. ಕನ್ನಡಿ ಹಿಡಿದರು. ಅಂಕಯ್ಯ ನೋಡಿಕೊಂಡ, ನಕ್ಕ, ಮತ್ತೆ ನೋಡಿಕೊಂಡ. "ಮದ್ವೆ ಮದ್ಲಿಂಗ ಆಗ್ಬುಟ್ಟೆ ಕನ್ರವ್ವ," ಎಂದ. ಆ ಕನ್ನಡಿಯಲ್ಲಿ ಅವನ ಮುಖವನ್ನು ನಾನೂ ಮೊದಲ ಸಲ ಕಂಡೆ. ಗುಳಿಬಿದ್ದ ಕೆನ್ನೆ ತುಂಬಿಕೊಂಡಿತ್ತು. ಕಣ್ಣು ಮಾತ್ರ ತುಂಬಾ ಸೋತಿತ್ತು.

"ಅಂಕಯ್ಯನೋರೆ, ನಗೋದು ಆಮೇಲೆ. ಈಗ ಕೇಳಿ," ಎಂದರು ಡಾಕ್ಟರಮ್ಮ. "ಉಂಡ ಮೇಲೆ ಪ್ರತಿಸಲ ತೆಗೆದು ತೊಳೀಬೇಕು. ಮೆತ್ತಗಿನ ಬ್ರಷ್ಷಲ್ಲಿ ಉಜ್ಜಬೇಕು. ಮಲಗೋವಾಗ ತೆಗೆದು ತಣ್ಣೀರಲ್ಲಿ ಇಡಬೇಕು. ಬಿಸಿನೀರು ಮಾತ್ರ ಸೋಕಿಸಬೇಡಿ, ಸೊಟ್ಟ ಆಗಿಬಿಡುತ್ತೆ. ಬೆರಳಲ್ಲಿ ಒಸಡನ್ನ ಮೆಲ್ಲಗೆ ತೀಡಿ, ನಾಲಿಗೆ ಕೆರೆದು ಬಾಯಿ ಮುಕ್ಕಳಿಸಿ. ಹೊಗೆಸೊಪ್ಪು ಇವತ್ತಿಗೇ ಬಿಡಿ."

"ಹಲ್ಲಿರೋವಾಗ ಇದ್ನ ಯಾರೂ ಯೋಳ್ನಿಲ್ವಲ್ರವ್ವ," ಎಂದ ಅಂಕಯ್ಯ.

"ನಾನೇ ಹೇಳಿದ್ದೆ. ಮೊದಲ ಹಲ್ಲು ಬಿದ್ದಾಗ ಬಂದಿದ್ರಲ್ಲ, ಆಗ. ನೀವು ಕೇಳಲಿಲ್ಲ."

ಅಂಕಯ್ಯ ತಲೆ ತಗ್ಗಿಸಿದ. ಆಮೇಲೆ ಕೇಳಿದ. ಎಷ್ಟು ಕೇಳಿದ ಎಂದರೆ, ಸ್ವಂತ ಹಲ್ಲಿಗೆ ಮಾಡದ ಸೇವೆಯನ್ನೆಲ್ಲ ನನಗೆ ಮಾಡಿದ. ಊಟವಾದ ಕೂಡಲೆ ಹಿತ್ತಲ ಕಲ್ಲಿಗೆ ಹೋಗಿ, ಒಂದು ಬಟ್ಟಲಿಗೆ ನೀರು ಹಾಕಿಕೊಂಡು ನನ್ನನ್ನು ತೊಳೆಯುತ್ತಿದ್ದ. ಜಾರಿ ಬಿದ್ದರೂ ಒಡೆಯಬಾರದೆಂದು ಕೆಳಗೆ ಬಟ್ಟೆ ಹಾಸುತ್ತಿದ್ದ. ಹೊಗೆಸೊಪ್ಪು ಬಿಟ್ಟ. ಮೇಳದ ಹುಡುಗರು ಸಿಕ್ಕರೆ ಅವರಿಗೆ ಬಿಡುಗಡೆಯಿಲ್ಲ. "ಮಲಿಕ್ಕಳಕ್ ಮುಂಚೆ ಹಲ್ಲುಜ್ಜ್ರಪ್ಪ. ಎಲೆ ಹಾಕಿದ್ರೆ ಬಾಯ್ ಮುಕ್ಕಳಿಸ್ರಪ್ಪ. ರಕ್ತ ಬಂದ್ರೆ ಉಷ್ಣ ಅಂತ ಕೂತ್ಕಬ್ಯಾಡಿ, ಆಸ್ಪತ್ರೆಗ್ ಓಡಿ." ಶಿವಲಿಂಗು ನಗುತ್ತಿದ್ದ. "ಗುರುಗಳು ರಾಗ ಯೋಳ್ಕೊಡೋದ್ ಬುಟ್ಟು ಹಲ್ಲಿನ್ ಪುರಾಣ ಸುರು ಮಾಡವ್ರೆ," ಎನ್ನುತ್ತಿದ್ದ. ನಗಲಿ ಬಿಡಿ. ಹೇಳಿದ್ದು ನಿಜವೇ ತಾನೆ?

ಆದರೆ ಒಂದು ತಪ್ಪು ಮಾಡಿದ. ನನ್ನನ್ನು ತೆಗೆಯುವಾಗ ಹೆಂಡತಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಬೋಳುಬಾಯಿ ಅವಳಿಗೆ ಕಾಣಬಾರದು ಎಂಬ ನಾಚಿಕೆ. ಓಲಗ ಊದುವ ಚಂದಕ್ಕೆ ಮರುಳಾಗಿ ದುಂಡಮ್ಮ ಅವನನ್ನು ಒಪ್ಪಿದ್ದಳಂತೆ. ಅವಳ ಕಣ್ಣಲ್ಲಿ ಹಾಗೇ ಉಳಿಯಬೇಕು ಎಂಬ ಹಟ. ಅವಳು ಹಿತ್ತಲಿಗೆ ಬಂದರೆ ಬೆನ್ನು ತಿರುಗಿಸಿ, "ಒಳೀಕ್ ಹೋಗಮ್ಮಿ, ಬತ್ತೀನಿ," ಎನ್ನುತ್ತಿದ್ದ. ಡಾಕ್ಟರಮ್ಮ ಹೇಳಿದ್ದನ್ನು ಇಡೀ ಮೇಳಕ್ಕೆ ಸಾರಿದವನು ಮನೆಯವಳಿಗೆ ಮಾತ್ರ ಹೇಳಲಿಲ್ಲ. ನನ್ನನ್ನು ಹೇಗೆ ತೊಳೆಯುತ್ತಾನೆ, ಯಾವ ನೀರಲ್ಲಿ ಇಡುತ್ತಾನೆ, ದುಂಡಮ್ಮನಿಗೆ ಗೊತ್ತಾಗಲೇ ಇಲ್ಲ.

ಅಟ್ಟದಿಂದ ಓಲಗ ಇಳಿಯಿತು. ಮೊದಮೊದಲು ನಾನೇ ಅವನಿಗೆ ಅಡ್ಡಿ. ಊದಿದರೆ ಮೇಲಿನದು ಜಾರುತ್ತಿತ್ತು, ಕೆಳಗಿನದು ಕುಣಿಯುತ್ತಿತ್ತು. ಒಸಡು ಹುಣ್ಣಾಯಿತು. ಡಾಕ್ಟರಮ್ಮ ಅಲ್ಲಿ ಇಲ್ಲಿ ಉಜ್ಜಿ ಸರಿಮಾಡಿದರು. ಅಂಕಯ್ಯ ಬಿಡಲಿಲ್ಲ. ಕೆರೆ ಏರಿಯ ಮೇಲೆ ಹೋಗಿ ಒಬ್ಬನೇ ಅಭ್ಯಾಸ ಮಾಡಿದ. ಆಷಾಢ ಕಳೆದು ಶ್ರಾವಣ ಬರುವ ಹೊತ್ತಿಗೆ ಒಂದು ಸ್ವರ ನಿಂತಿತು, ಮತ್ತೊಂದು ನಿಂತಿತು. ಒಂದು ಸಂಜೆ ಗಟ್ಟಿಮೇಳ ಪೂರ್ತಿ ಬಂತು. ಆಹಾ, ಆ ನಾದ ಮೊದಲು ನನ್ನ ಮೈಮೇಲೆ ನಡುಗಿ ಆಮೇಲೆ ಹೊರಗೆ ಹೋಗುತ್ತಿತ್ತು. ಪ್ಲಾಸ್ಟಿಕ್ಕಿನ ಜನ್ಮ ಎತ್ತಿದ್ದಕ್ಕೂ ಸಾರ್ಥಕವಾಯಿತು ಅನ್ನಿಸಿತು. ಅಂಕಯ್ಯ ಏರಿಯ ಮೇಲೆ ಕೂತು ಚಿಕ್ಕ ಮಗುವಿನಂತೆ ಅತ್ತ.

ಮದುವೆಯ ಮುನ್ನಾದಿನ ಮನೆ ತುಂಬ ನೆಂಟರು. ಹಿತ್ತಲ ಕಲ್ಲಿನ ಹತ್ತಿರ ಪಾತ್ರೆ ತೊಳೆಯುವವರ ಸಂತೆ. ಅಂಕಯ್ಯ ಹೇಗೋ ಮರೆ ಮಾಡಿಕೊಂಡು ನನ್ನನ್ನು ತೊಳೆದು, ತಣ್ಣೀರಿನ ಚೊಂಬಿಗೆ ಹಾಕಿ ನಡುಮನೆಯ ಗೂಡಿನಲ್ಲಿಟ್ಟು ಮಲಗಿದ. ಬೆಳಗಿನ ಜಾವ ಎದ್ದು ಸ್ನಾನಕ್ಕೆ ಹೋದ. ಅಷ್ಟರಲ್ಲಿ ದುಂಡಮ್ಮ ಗೂಡಿನ ಹತ್ತಿರ ಬಂದಳು.

ಅವಳು ನನ್ನನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅಂಗೈಯಲ್ಲಿ ಎತ್ತಿಕೊಂಡಳು. ಪಕ್ಕದಲ್ಲಿ ಅವಳ ಅಕ್ಕ ನಿಂತಿದ್ದಳು. "ಇವತ್ ಇವ್ರು ಊದೋದು ಈ ಹಲ್ಲಿನ್ ಜೀವದ್ ಮ್ಯಾಲೆ ಕಣಕ್ಕ," ಎಂದಳು ದುಂಡಮ್ಮ. "ನಮ್ಮಪ್ಪ ಹೊಸ ಪೀಪಿಯ ಬತ್ತದ್ ನೀರ್ನಲ್ ಬೇಯಿಸ್ದೆ ಬಾಯ್ಗಿಡ್ತಿರ್ನಿಲ್ಲ. ಬೆಂದ್ರೇನೆ ಶುದ್ಧ, ಬೆಂದ್ರೇನೆ ನಾದ ಅನ್ನೋರು. ಪೀಪಿಗೆ ಮಾಡೋದ ಹಲ್ಗೂ ಮಾಡ್ಬುಡ್ತೀನಿ."

ಅಯ್ಯೋ ತಾಯಿ, ಬೇಡ ಎಂದು ಕೂಗಿಕೊಳ್ಳಬೇಕು ಅನ್ನಿಸಿತು. ಬಾಯಿಯೊಳಗೆ ಬದುಕಿದರೂ ನನಗೆ ಮಾತಿಲ್ಲ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಒಂದು ಹಿಡಿ ಭತ್ತ ಹಾಕಿ, ಅರಿಶಿನದ ಚಿಟಿಕೆ ಹಾಕಿ, ಕೈಮುಗಿದು, ನನ್ನನ್ನು ಅದರೊಳಗೆ ಬಿಟ್ಟಳು. ಅಚ್ಚಿನೊಳಗೆ ಬಿಗಿಯಾಗಿ ಬೆಂದದ್ದು ಬೇರೆ, ಬರಿಮೈಯಲ್ಲಿ ಬೇಯುವುದು ಬೇರೆ. ಮೈ ಮೆತ್ತಗಾಯಿತು. ಅಂಗುಳಕ್ಕೆ ಅಂಟಬೇಕಾದ ಜಾಗ ಒಂದು ಕಡೆ ಮೇಲೆದ್ದಿತು. ಅವಳು ನನ್ನನ್ನು ಸೌಟಿನಲ್ಲಿ ಎತ್ತಿ, ಆರಿಸಿ, ಸೆರಗಿನಿಂದ ಒರೆಸಿ ಮತ್ತೆ ಚೊಂಬಿನಲ್ಲಿಟ್ಟಳು. ಕೈಯಾರೆ ಮಗಳಿಗೆ ಬಳೆ ತೊಡಿಸಿದಷ್ಟು ಸಂತೋಷ ಅವಳಿಗೆ.

ಅಂಕಯ್ಯ ಜರತಾರಿ ಪೇಟ ಕಟ್ಟಿಕೊಂಡು ಬಂದ. ಬಾಗಿಲ ಸಂದಿಯಲ್ಲಿ ನಿಂತು ನನ್ನನ್ನು ಬಾಯಿಗಿಟ್ಟುಕೊಂಡ. ನಾನು ಕೂರಲಿಲ್ಲ. ಒತ್ತಿದ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿದ್ದೆ. ತೆಗೆದು ನೋಡಿದ. ಹಲ್ಲಿನ ಸಂದಿಯಲ್ಲಿ ಒಂದು ಭತ್ತದ ಹೊಟ್ಟು ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ತೆಗೆದು ಬೆಳಕಿಗೆ ಹಿಡಿದ. ಓಲಗದವನಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ದುಂಡಮ್ಮ ಬಂದಳು. ಹೊಸ ಸೀರೆ, ತಲೆ ತುಂಬ ಹೂವು, ಮುಖ ತುಂಬ ನಗು. "ನೋಡುದ್ರಾ? ಪೀಪಿ ಬೇಯ್ಸೋ ಹಂಗೆ ನಿಮ್ ಹಲ್ನೂ ಬೇಯ್ಸಿವ್ನಿ. ಇವತ್ ನಮ್ಮಪ್ಪನ್ ಓಲಗ್ಕಿಂತ ಜೋರಾಗ್ ಕೇಳ್ಬೇಕು," ಎಂದಳು.

ಅಂಕಯ್ಯ ನನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಮುಷ್ಟಿ ಬಿಗಿಯಾಯಿತು. ಬೈಯುತ್ತಾನೆ ಅಂದುಕೊಂಡೆ. ಅವಳ ಮುಖವನ್ನೇ ನೋಡುತ್ತಾ ನಿಂತ. ಆಮೇಲೆ ಟವೆಲು ಬಾಯಿಗೆ ಅಡ್ಡ ಹಿಡಿದು, "ಒಳ್ಳೆ ಕೆಲ್ಸ ಮಾಡ್ದೆ ಕಣಮ್ಮಿ," ಎಂದ. ಅವಳು ಆರತಿ ತಟ್ಟೆ ಎತ್ತಿಕೊಂಡು ಓಡಿದಳು.

ಛತ್ರದಲ್ಲಿ ಧಾರೆಯಾಯಿತು. ಅಂಕಯ್ಯ ನಾಲಿಗೆಯಿಂದ ನನ್ನನ್ನು ಮೇಲೆತ್ತಿ ಹಿಡಿದುಕೊಂಡೇ ಮಗಳ ಕೈ ಅಳಿಯನ ಕೈಗಿಟ್ಟು ಹಾಲು ನೀರು ಎರೆದ. ಶಿವಲಿಂಗು ಎದ್ದು ಬಂದು ಗುರುವಿನ ಕಾಲುಮುಟ್ಟಿ ಓಲಗ ಕೊಟ್ಟ. ಪುರೋಹಿತರು ಕೈಯೆತ್ತಿದರು. "ಗಟ್ಟಿಮೇಳ, ಗಟ್ಟಿಮೇಳ!" ಡೋಲು ಗುಡುಗಿತು. ಛತ್ರಕ್ಕೆ ಛತ್ರವೇ ಅಂಕಯ್ಯನ ಕಡೆ ತಿರುಗಿತು. ತಾಳಿ ಕಟ್ಟಿಸಿಕೊಳ್ಳಲು ಕತ್ತು ಬಾಗಿಸಿದ್ದ ಚಂದ್ರಕಲೆ ಕೂಡ ಓರೆಗಣ್ಣಿನಲ್ಲಿ ಅಪ್ಪನನ್ನೇ ನೋಡಿದಳು. ಅಂಕಯ್ಯ ಉಸಿರೆಳೆದು ಊದಿದ.

ಗಾಳಿ. ಬರೀ ಗಾಳಿ. ನಾನು ಎಷ್ಟು ಹೆಣಗಿದರೂ ಅವನ ಒಸಡನ್ನು ಹಿಡಿಯಲಾಗಲಿಲ್ಲ. ಇನ್ನೊಮ್ಮೆ ಊದಿದ. ಒಂದು ಕೀರಲು ಶಬ್ದ ಎದ್ದು ಅಲ್ಲೇ ಸತ್ತಿತು. ಮೇಲಿನ ತುಂಡು ಕೆಳಗೆ ಜಾರಿ ಪೀಪಿಗೆ ಬಡಿಯಿತು. ಯಾರೋ ಹುಡುಗಿಯರು ಕಿಸಕ್ಕನೆ ನಕ್ಕರು. ಶಿವಲಿಂಗು ಪಕ್ಕದವನ ಓಲಗ ಕಿತ್ತುಕೊಂಡು ಒಂದೇ ಉಸಿರಿಗೆ ಗಟ್ಟಿಮೇಳ ಎತ್ತಿದ. ತಾಳಿ ಬಿತ್ತು, ಅಕ್ಷತೆ ಬಿತ್ತು. ಅಂಕಯ್ಯ ಕಂಬದ ಕಡೆ ಮುಖ ಮಾಡಿ ನಿಂತಿದ್ದ. ಬಾಯೊಳಗೆ ನಾನು ರಕ್ತದ ಉಪ್ಪು ರುಚಿಯಲ್ಲಿ ತೊಯ್ದಿದ್ದೆ.

"ಹೆಣ್ ಹೆತ್ತ ಕರ್ಳು ಕನವ್ವ," ಎಂದು ದುಂಡಮ್ಮ ನೆಂಟರಿಗೆಲ್ಲ ಹೇಳಿದಳು. "ಮಗ್ಳ ಕತ್ಗೆ ತಾಳಿ ಬೀಳ್ತಾ ಇದ್ರೆ ಯಾವಪ್ಪಂಗ್ ಉಸ್ರು ಬಂದದು? ದುಃಖ ಉಕ್ಕಿ ಬಂತು, ಊದಕ್ ಆಗ್ನಿಲ್ಲ." ಅಂಕಯ್ಯ ಹೌದು ಎಂಬಂತೆ ತಲೆಯಾಡಿಸಿದ. ಆ ಮಾತೇ ಊರಲ್ಲಿ ಉಳಿಯಿತು.

ಹೊಸದೊಂದು ಕಟ್ಟಿಸಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಡಾಕ್ಟರಮ್ಮನ ಹತ್ತಿರ ಹೋದರೆ ಮೊದಲು ಕೇಳುವ ಪ್ರಶ್ನೆ ಯಾವುದು ಎಂದು ಅವನಿಗೆ ಗೊತ್ತಿತ್ತು. ಸಣ್ಣ ಊರು. ಇವತ್ತು ಅಲ್ಲಿ ಆಡಿದ ಮಾತು ನಾಳೆ ನಲ್ಲಿಯ ಹತ್ತಿರ ದುಂಡಮ್ಮನ ಕಿವಿಗೆ ಬಿದ್ದೇ ಬೀಳುತ್ತದೆ. ಅದಕ್ಕೇ ಹೋಗಲಿಲ್ಲ. ನನ್ನನ್ನು ಹಾಗೇ ಸೊಟ್ಟಗೆ ಹಾಕಿಕೊಂಡು ಹೆಂಡತಿಯ ಮುಂದೆ ಊಟಕ್ಕೆ ಕೂರುತ್ತಿದ್ದ. ಮುದ್ದೆಗೇನು, ನುಂಗಿದರಾಯಿತು. ಅವಳು ಪ್ರೀತಿಯಿಂದ ಕರಿದ ಚಕ್ಕುಲಿ, ನಿಪ್ಪಟ್ಟು ಮಾತ್ರ ಒಲ್ಲೆ ಎಂದು ಪಕ್ಕಕ್ಕೆ ಸರಿಸುತ್ತಿದ್ದ.

"ಮಗ್ಳ್ ಹೋದ್ಮ್ಯಾಲೆ ನನ್ ಕೈ ಅಡ್ಗೇನೂ ಹಿಡಿಸ್ದಂಗಾಯ್ತಾ ನಿಮ್ಗೆ?" ಎಂದು ಅವಳು ಒಂದು ದಿನ ಕೇಳಿದಳು. ಅಂಕಯ್ಯ ನಕ್ಕು ಮುದ್ದೆಯ ಇನ್ನೊಂದು ತುತ್ತು ನುಂಗಿದ. ಅವಳು ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಅವಳನ್ನು ಅಳಿಸಬಾರದೆಂದು ಮುಚ್ಚಿಟ್ಟದ್ದು ಅವಳನ್ನು ಇನ್ನೊಂದು ದಾರಿಯಲ್ಲಿ ಅಳಿಸುತ್ತಿತ್ತು. ಇದು ಅವನಿಗೆ ತಿಳಿಯಲಿಲ್ಲವಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಗಾದೆಯೇನೋ ಇದೆ. ಬಾಯಿ ಬಿಡದೆ ಕೆಟ್ಟವರ ಗಾದೆಯನ್ನು ಯಾರೂ ಕಟ್ಟಿಲ್ಲ.

ಆದರೂ ಮಲಗುವ ಮುಂಚೆ ನನ್ನನ್ನು ತೊಳೆಯುವುದನ್ನು ಅವನು ಬಿಡಲಿಲ್ಲ. ಅದೇ ಮೆತ್ತಗಿನ ಬ್ರಷ್ಷು, ಅದೇ ತಣ್ಣೀರು. ಓಲಗ ಮತ್ತೆ ಅಟ್ಟ ಸೇರಿತ್ತು. ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂತು, ಎದೆಗೆ ಕಟ್ಟಿಕೊಂಡಿತು, ಅಂಕಯ್ಯ ಏಳಲಿಲ್ಲ. ಕೊನೆಯ ಸ್ನಾನ ಮಾಡಿಸುವಾಗ ಯಾರೋ ಹಿರಿಯರು, "ಕಟ್ಸಿದ್ ಹಲ್ಲು ತಗೀರಪ್ಪ," ಎಂದರು. ದುಂಡಮ್ಮ ಕೈಯೊಡ್ಡಿ ನನ್ನನ್ನು ಇಸಿದುಕೊಂಡಳು. ಅವನ ಬೋಳುಬಾಯಿಯನ್ನು ಅವಳು ನೋಡಿದ್ದು ಆಗಲೇ.

ಸಂಕ್ರಾಂತಿಗೆ ಚಂದ್ರಕಲೆ ಮದ್ದೂರಿನ ಗಂಡನ ಮನೆಯಿಂದ ಬಂದಳು. ಕಬ್ಬು ಕಚ್ಚಿದಾಗ ಅವ್ವನ ಒಸಡಿನಿಂದ ರಕ್ತ ಬಂದದ್ದು ನೋಡಿ, ಅಪ್ಪನ ಕಥೆಯೇ ಆಗುವುದು ಬೇಡ ಎಂದು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ದುಂಡಮ್ಮ ನನ್ನನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದಳು. ಡಾಕ್ಟರಮ್ಮ ಅವಳ ಬಾಯಿ ನೋಡಿ, "ಹಲ್ಲು ಉಳಿಸಬಹುದಮ್ಮ. ಕ್ಲೀನ್ ಮಾಡ್ತೀನಿ. ನೀವು ಮಾತ್ರ ಬೆಳಗ್ಗೆ, ರಾತ್ರಿ ಎರಡು ಹೊತ್ತೂ ಉಜ್ಜಬೇಕು," ಎಂದರು. ಆಗ ದುಂಡಮ್ಮ ಗಂಟು ಬಿಚ್ಚಿದಳು.

"ನನ್ ಹಲ್ಲು ಬಿದ್ರೆ ಹೊಸ್ದ್ಯಾಕ್ ಬುಡಿ. ಇವ್ರುದೇ ಅದೆಯಲ್ಲ, ಇದ್ನೇ ನಂಗ್ ಕೂರಿಸ್ಕೊಡಿ. ಚಂದಾಗ್ ಇಟ್ಟಿವ್ನಿ."

ಚಂದ್ರಕಲೆ ತುಟಿ ಕಚ್ಚಿಕೊಂಡಳು. ಡಾಕ್ಟರಮ್ಮ ನಗಲಿಲ್ಲ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ ಎಂದು ಮೃದುವಾಗಿ ಹೇಳುತ್ತಾ ನನ್ನನ್ನು ಎತ್ತಿಕೊಂಡರು, ತಿರುಗಿಸಿ ನೋಡಿದರು, ಹುಬ್ಬು ಗಂಟಿಕ್ಕಿದರು. "ಇದೇನಮ್ಮ, ಹೀಗೆ ಸೊಟ್ಟ ಆಗಿದೆ? ಯಾರು ಕುದಿಯೋ ನೀರಿಗೆ ಹಾಕಿದ್ದು? ಇದನ್ನ ಹಾಕ್ಕೊಂಡು ಓಲಗ ಊದೋದಿರಲಿ, ಊಟ ಮಾಡೋದೂ ಕಷ್ಟ. ಪಾಪ, ಅಂಕಯ್ಯನೋರು ಯಾಕೆ ಬಂದು ಹೇಳಲಿಲ್ಲ?"

ದುಂಡಮ್ಮ ಕೈ ಚಾಚಿ ನನ್ನನ್ನು ವಾಪಸ್ ತೆಗೆದುಕೊಂಡಳು. ಚಂದ್ರಕಲೆ ಅವ್ವನ ಮುಖ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಅವಳಿಗೂ ತಿಳಿಯಿತು. ಮನೆಗೆ ಬಂದವಳೇ ದುಂಡಮ್ಮ ಹಿತ್ತಲ ಕಲ್ಲಿನ ಮೇಲೆ ಕೂತಳು. ಮಗಳು ಹತ್ತಿರ ಹೋದರೆ ಬೇಡವೆಂದು ಕೈಯಾಡಿಸಿದಳು.

ನಾನೀಗ ಮುದುಕ. ನನ್ನಂಥವರಿಗೆ ಎರಡನೆಯ ಬಾಯಿ ಇಲ್ಲ. ಯಾರ ಒಸಡಿಗೆ ಅಚ್ಚಾದೆವೋ ಅವರೊಂದಿಗೆ ನಮ್ಮ ಕೆಲಸ ಮುಗಿಯಿತು. ಗೂಡಿನಲ್ಲಿ ಒಣಗಿ ಬಣ್ಣಗೆಟ್ಟು ಕೂತಿದ್ದೇನೆ. ದುಂಡಮ್ಮ ಎರಡು ಹೊತ್ತೂ ಹಲ್ಲುಜ್ಜುತ್ತಾಳೆ. ಒಸಡಿನ ರಕ್ತ ನಿಂತಿದೆ. ನೆರೆಮನೆಯ ಸೊಸೆಯರಿಗೂ ಹೇಳುತ್ತಾಳೆ. ಜತನ ಮಾಡುವುದನ್ನು ಒಬ್ಬರೇ ಕಲಿತರೆ ಸಾಲದು, ಮನೆಯವರಿಗೂ ಕಲಿಸಬೇಕು ಎಂಬುದಷ್ಟೇ ನನ್ನ ಬದುಕಿನಿಂದ ನಾನು ಕಲಿತದ್ದು. ದೊಡ್ಡ ಮಾತೇನಲ್ಲ.

ಆ ದಿನ ಕಲ್ಲಿನ ಮೇಲೆ ಕೂತು ಅವಳು ನನ್ನನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಆಮೇಲೆ, ಅಂಕಯ್ಯ ಎದುರಿಗೇ ಇದ್ದಾನೇನೋ ಎಂಬಂತೆ ಕೇಳಿದಳು.

"ಒಂದೇ ಒಂದ್ ಸಲ ಬೈದ್ಬುಟ್ಟಿದ್ರೆ ಆಗ್ತಿತ್ತಲ್ಲಾ... ಯಾಕ್ ಬೈಯ್ನಿಲ್ಲ ನನ್ನ?"